ಬಳ್ಳಿ ಅಕ್ಷರದ ಕಾರ್ಡು

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪ್ರೆಸ್ ಇಟ್ಟಿದ್ದ ಸಿದ್ಧಲಿಂಗೇಶನಿಗೆ ತೊಂಬತ್ತಾರರಲ್ಲಿ ಎರಡು ಹುಚ್ಚು ಹಿಡಿದವು. ಒಂದು, ದಾವಣಗೆರೆಯಿಂದ ಹೊಸ ಕಂಪ್ಯೂಟರಿನ ಜೊತೆ ಫ್ಲಾಪಿಯಲ್ಲಿ ಬಂದ ಅಲಂಕಾರದ ಅಕ್ಷರ. ಇನ್ನೊಂದು, ಆನವಟ್ಟಿಯ ಬಟ್ಟೆ ಅಂಗಡಿ ಪಂಚಾಕ್ಷರಪ್ಪನವರ ಮಗಳು ಚೈತ್ರಶ್ರೀ.

ಅಕ್ಷರದ ಸಂಗತಿ ಮೊದಲು ಹೇಳಬೇಕು, ಕಿತಾಪತಿಯೆಲ್ಲ ಅದರದ್ದೇ. ಅದರ ತಲೆಕಟ್ಟುಗಳು ಪೈಲ್ವಾನನ ಮೀಸೆಯ ಹಾಗೆ ಹುರಿಗೊಂಡಿದ್ದವು. ಒತ್ತಕ್ಷರಗಳು ಜುಮುಕಿಯಂತೆ ತೂಗುತ್ತಿದ್ದವು. ಸೊನ್ನೆಗಳು ಬರೀ ಸೊನ್ನೆಯಾಗಿರಲು ಒಪ್ಪದೆ ಮೊಗ್ಗಾಗಿದ್ದವು. ದೀರ್ಘಗಳಂತೂ ಹೇಳಕೇಳದೆ ಪಕ್ಕದ ಅಕ್ಷರದ ಮೈಮೇಲೆ ಹಬ್ಬಿಕೊಂಡಿದ್ದವು. ಸಿದ್ಧಲಿಂಗೇಶ ಅದಕ್ಕೆ ಬಳ್ಳಿ ಅಕ್ಷರ ಎಂದು ಹೆಸರಿಟ್ಟು, ಬಳ್ಳಿಗಾವಿಯ ಗುಡಿಯ ಕೆತ್ತನೆ ನೋಡಿ ತಾನೇ ಮಾಡಿದ್ದೆಂದು ಗಿರಾಕಿಗಳಿಗೆ ಸಲೀಸಾಗಿ ಸುಳ್ಳು ಹೇಳುತ್ತಿದ್ದ.

ಮದುವೆ ಕಾರ್ಡಿಗೆ ಅದು ಹೇಳಿ ಮಾಡಿಸಿದಂತಿತ್ತು. ಒಂದೇ ವರ್ಷದಲ್ಲಿ ಶಿಕಾರಿಪುರದಿಂದ ಸೊರಬದವರೆಗೆ ಬಳ್ಳಿ ಅಕ್ಷರವಿಲ್ಲದ ಮದುವೆ ಮದುವೆಯೇ ಅಲ್ಲ ಎಂಬಂತಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೋಹ ಬಿಡಬೇಕಲ್ಲ! ಇಲಿ ಪಾಷಾಣದ ಕರಪತ್ರಕ್ಕೂ ಅದೇ, ಎಮ್ಮೆ ಕಳೆದುಹೋದ ಪ್ರಕಟಣೆಗೂ ಅದೇ. ಪ್ರೆಸ್ಸಿನ ಗೋಡೆಗೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಅಂಟಿಸಿದ. ಜನ ಅದನ್ನು ಓದಲು ನಿಂತರು, ನಿಂತ ಮೇಲೆ ಸುಮ್ಮನೆ ಹೋಗಲಿಲ್ಲ.

ಹೆಣ್ಣು ನೋಡಲು ಹೋದಾಗಲೂ ತನ್ನ ವಿಸಿಟಿಂಗ್ ಕಾರ್ಡು ಕೊಟ್ಟ. ಚೈತ್ರಶ್ರೀ ನೆಟ್ಟಗೆ ಹಿಡಿದು ನೋಡಿದಳು, ತಲೆಕೆಳಗು ಮಾಡಿಯೂ ನೋಡಿದಳು.

“ಇದ್ರಲ್ಲಿ ನಿಮ್ಮ ಹೆಸ್ರು ಎಲ್ಲಿದೆ ರೀ?”

“ಆ ಹೂವಿನ ಹಿಂದೆ ಐತಲ್ರಿ.”

ಅವಳು ನಕ್ಕುಬಿಟ್ಟಳು. ಆ ನಗು ನೋಡಿದ ಮೇಲೆ ಅವನಿಗೆ ಬೇರೆ ಹೆಣ್ಣು ನೋಡುವ ಮನಸ್ಸಾಗಲಿಲ್ಲ. ಪಂಚಾಕ್ಷರಪ್ಪನವರು ಮಾತ್ರ ನಗದೆ, ವಿಚಾರ ಮಾಡಿ ಹೇಳುತ್ತೇವೆ ಎಂದರು.

ಅವರು ವಿಚಾರ ಮಾಡುತ್ತಿರುವಾಗಲೇ ಅವರ ತಾಯಿ ರಾಜೇಶ್ವರಮ್ಮ ಲಿಂಗೈಕ್ಯರಾದರು. ಮರಿಮಕ್ಕಳನ್ನು ಎತ್ತಿ ಆಡಿಸಿದ ತುಂಬು ಜೀವ. ಶಿವಗಣಾರಾಧನೆಯ ಕಾರ್ಡು ಅಚ್ಚು ಮಾಡುವ ಕೆಲಸ ಸಿದ್ಧಲಿಂಗೇಶನಿಗೇ ಬಂತು. ಇದು ತನಗಿಟ್ಟ ಪರೀಕ್ಷೆ ಎಂದುಕೊಂಡ. ಕಾರ್ಡು ನೋಡಿದವರು ಬೆರಗಾಗಿ ಹೆಣ್ಣು ಕೊಟ್ಟೇಬಿಡಬೇಕು, ಹಾಗೆ ಮಾಡುತ್ತೇನೆ ಎಂದು ಕೂತ.

“ಸಾವಿನ ಕಾರ್ಡ್ ಕಣೋ, ನೆಟ್ಟಗಿರೋ ಅಕ್ಷರ ಹಾಕು” ಎಂದರು ತಾಯಿ ಈಶ್ವರಮ್ಮ. ಅವನು ಬಳ್ಳಿ ಅಕ್ಷರವನ್ನೇ ಜೋಡಿಸಿದ. ಕಪ್ಪು ಮಸಿಯಲ್ಲಿ ಬಳ್ಳಿಯ ಅಂದವೇ ಕಾಣಲಿಲ್ಲವೆಂದು ಕಡುಗೆಂಪು ಮಸಿ ಹಾಕಿದ.

ಈಗ ನಮ್ಮ ಕಡೆಯವರು ಕಾರ್ಡು ಓದುವ ಚಂದವನ್ನೂ ಹೇಳಬೇಕು. ಸಾವಿನ ಕಾರ್ಡು ಬಂದರೆ ಹೊಸ್ತಿಲಾಚೆಯೇ ಓದಿ ಹರಿದು ಹಾಕುತ್ತಾರೆ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಮದುವೆ ಕಾರ್ಡನ್ನು ಯಾರೂ ಪೂರ್ತಿ ಓದುವುದಿಲ್ಲ. ಯಾರ ಮನೆಯದು, ಯಾವತ್ತು ಎಂದಷ್ಟೇ ನೋಡಿ ಕನ್ನಡಿಯ ಸಂದಿಗೆ ಸಿಕ್ಕಿಸುತ್ತಾರೆ. ನೆಂಟರಿಗೆ ಸಾವಿನ ಸುದ್ದಿ ಬಾಯಲ್ಲೇ ಮುಟ್ಟಿತ್ತು. ಅಂಗಡಿಯ ಆಳುಗಳು ಹಳ್ಳಿಯ ಗಿರಾಕಿಗಳಿಗೆ ಕಾರ್ಡು ಹಂಚಿದರು. ಕಡುಗೆಂಪಿನ ಬಳ್ಳಿ ಅಕ್ಷರ ಕಂಡವರೆಲ್ಲ ಸೀದಾ ಕನ್ನಡಿಗೆ ಸಿಕ್ಕಿಸಿದರು.

ಆರಾಧನೆಯ ದಿನ ಸಿದ್ಧಲಿಂಗೇಶ ಪಂಚಾಕ್ಷರಪ್ಪನವರ ಗೇಟಿನ ಹತ್ತಿರ ಬಂದರೆ, ಅಂಗಡಿಯ ಗಿರಾಕಿ, ಕುಬಟೂರಿನ ಹಾಲಮ್ಮ ಜರಿ ಸೀರೆ ಉಟ್ಟು, ತಲೆತುಂಬ ಹೂ ಮುಡಿದು, ಹೊಳೆಯುವ ಸ್ಟೀಲ್ ಕೊಡ ಹಿಡಿದು ನಿಂತಿದ್ದಳು. ಅವಳ ಹಿಂದೆ ಅಂಥವರೇ ಇನ್ನಷ್ಟು ಜನ.

“ಗಂಡು ಯಾವೂರಂತಪ್ಪಾ?” ಎಂದು ಅವನನ್ನೇ ಕೇಳಿದಳು.

ಅವರೆಲ್ಲ ಮದುವೆಗೆಂದು ಬಂದದ್ದು ಅವನಿಗೆ ಹೊಳೆಯುವಷ್ಟರಲ್ಲಿ ಹಾಲಮ್ಮ ಒಳಗೆ ನಡೆದಿದ್ದಳು. ಹಾರ ಹಾಕಿದ ಫೋಟೋ ಕಂಡು, ಕೊಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಸರಿದು ನಿಂತಳು. ಊಟಕ್ಕೆ ಕೂರುತ್ತಿದ್ದ ಜನವೆಲ್ಲ ತಿರುಗಿ ನೋಡಿತು.

ಅವಳ ಹಿಂದೆಯೇ ಒಳಗೆ ಬಂದಿದ್ದ ಸಿದ್ಧಲಿಂಗೇಶನ ಎದುರಿಗೆ ಪಂಚಾಕ್ಷರಪ್ಪನವರು ಕಾರ್ಡು ಹಿಡಿದು ಬಂದರು. ದನಿ ಏರಿಸಲಿಲ್ಲ. “ನಮ್ಮವ್ವ ಹೋಗಿದ್ದು ನಿಮಗೆ ಹಬ್ಬ ಆಯ್ತೇನ್ರೀ? ಇನ್ನು ಈ ಮನೆ ಕಡೆ ಬರಬೇಡ್ರಿ.”

ಸಿದ್ಧಲಿಂಗೇಶನಿಗೆ ನಾಚಿಕೆಯಿಂದ ಕಣ್ಣು ತುಂಬಿತು. ಹೆಣ್ಣು ಕೈತಪ್ಪಿತೆಂಬ ದುಃಖ ಇತ್ತು, ಸುಳ್ಳು ಹೇಳಬಾರದು. ಆದರೆ ಅದಕ್ಕಿಂತ, ಸತ್ತವರ ಮನೆಯನ್ನು ನಗೆಪಾಟಲು ಮಾಡಿದೆನಲ್ಲ ಎಂಬುದೇ ಹೆಚ್ಚು ಸುಡುತ್ತಿತ್ತು. ಚಪ್ಪಲಿ ಮೆಟ್ಟಲು ತಿರುಗಿದ.

“ಆ ಕಾರ್ಡ್ ಇಲ್ಲಿ ಕೊಡು” ಎಂದು ಫೋಟೋದ ಪಕ್ಕದಿಂದ ಮಾತು ಬಂತು. ಅಲ್ಲಿ ಕೂತಿದ್ದವರು ರಾಜೇಶ್ವರಮ್ಮನ ಗಂಡ, ವೀರಬಸಪ್ಪಜ್ಜ. ಅವರಿಗೆ ಅಲ್ಲಿಯವರೆಗೆ ಯಾರೂ ಕಾರ್ಡು ತೋರಿಸಿರಲಿಲ್ಲ. ಅಕ್ಷರದ ಮೇಲೆ ಬೆರಳಾಡಿಸುತ್ತ ನಿಧಾನಕ್ಕೆ ಹುಡುಕಿದರು.

“ಇದು ವೀರಬಸಪ್ಪ. ಇಲ್ಲಿ ರಾಜೇಶ್ವರಮ್ಮ. ಎರಡೂ ಹೆಸ್ರು ಜೊತೆಗೇ ಇದೆ.” ಕಾರ್ಡಿನಿಂದ ಕಣ್ಣೆತ್ತಿ ಫೋಟೋ ನೋಡಿದರು. “ನಮ್ಮ ಲಗ್ನದ ವರ್ಷ ಪ್ಲೇಗು. ಕಾರ್ಡೂ ಇಲ್ಲ, ವಾಲಗಾನೂ ಇಲ್ಲ, ಒಂದು ನರಪಿಳ್ಳೇನೂ ಬರ್ಲಿಲ್ಲ. ನಂದೂ ಒಂದು ಮದ್ವೇನಾ ಅಂತ ಸಾಯೋವರೆಗೂ ಅಂತಿದ್ಲು.” ಆಮೇಲೆ ಹಾಲಮ್ಮನ ಕಡೆ ತಿರುಗಿದರು. “ಕೊಡ ಯಾಕೆ ಮುಚ್ಕೊಂಡಿದೀಯ? ಅವಳ ಮುಂದೆ ಇಡು.”

ಹಾಲಮ್ಮ ಕೊಡ ತಂದು ಫೋಟೋದ ಮುಂದಿಟ್ಟಳು. ಹಿಂದೆ ಬಂದವರು ತಂದಿದ್ದನ್ನೂ ಸಾಲಾಗಿ ಇಟ್ಟರು. ಬಾಗಿಲ ಮರೆಯಲ್ಲಿ ಚೈತ್ರಶ್ರೀ ಅಳುತ್ತಲೇ ನಗುತ್ತಿದ್ದಳು.

ಅಜ್ಜ ಕಾರ್ಡನ್ನು ಎದೆಯ ಜೇಬಿಗೆ ಇಳಿಸಿದರು. “ಅಪ್ಪಾ, ಅದನ್ನ ಮನೇಲಿ ಇಟ್ಕೋಬಾರ್ದು” ಎಂದರು ಪಂಚಾಕ್ಷರಪ್ಪ.

“ಮದ್ವೆ ಕಾರ್ಡ್ ಯಾರಾದ್ರೂ ಹರೀತಾರೇನೋ?” ಎಂದ ಅಜ್ಜ, ಬಾಗಿಲಲ್ಲಿ ನಿಂತಿದ್ದ ಸಿದ್ಧಲಿಂಗೇಶನನ್ನು ಕರೆದರು. “ನೀನೂ ನಮ್ಮ ಕೂಸೂ ಕಾರ್ಡ್ ಮಾಡ್ಸೋವಾಗ ಬೇರೆ ಅಕ್ಷರ ನೋಡ್ಕೋ. ಇದು ನಮ್ಮದು.”

ಆ ಮನೆಯಲ್ಲಿ ಅಜ್ಜನ ಮಾತಿಗೆ ಎದುರಾಡುವವರಿಲ್ಲ. ವರ್ಷ ಕಳೆದ ಮೇಲೆ ಸಿದ್ಧಲಿಂಗೇಶ ತನ್ನ ಮದುವೆಯ ಕಾರ್ಡನ್ನು ರೇಷನ್ ಕಾರ್ಡಿನಂಥ ನೆಟ್ಟನೆಯ ಅಕ್ಷರದಲ್ಲಿ ಜೋಡಿಸಿದ. ಒಂದು ಮೊಗ್ಗೂ ಇಲ್ಲ, ಒಂದು ಜುಮುಕಿಯೂ ಇಲ್ಲ. ಕೈ ಕಟ್ಟಿಹಾಕಿದಂತಾಗಿ, ಒಲ್ಲದ ಮನಸ್ಸಿನಿಂದಲೇ ಮೊದಲ ಪ್ರತಿಯನ್ನು ಚೈತ್ರಶ್ರೀಗೆ ಕೊಟ್ಟ.

ಅವಳು ನೆಟ್ಟಗೆ ಹಿಡಿದು ಓದಿದಳು. “ಈಗ ನಿಮ್ಮ ಹೆಸ್ರು ಕಾಣ್ತದೆ ನೋಡ್ರಿ” ಎಂದಳು.