ದೂರು ಹೇಳುವುದು, ದೂರು ಕೊಡುವುದು

ಹೊಸ್ತಿಲಿಗೆ ಹಚ್ಚಲೆಂದು ಬಟ್ಟಲ ನೀರಿಗೆ ಅರಿಶಿನ ಉದುರಿಸುತ್ತಿದ್ದೆ. ಪುಡಿ ತಳಕ್ಕಿಳಿಯುವ ಮೊದಲೇ ನೀರೆಲ್ಲ ಕಡು ಹಳದಿಯಾಗಿ, ಅಂಬ್ಲಿಗೊಳ ಜಲಾಶಯದ ನೀರಿನ ಮೇಲೆ ಸಂಜೆ ಬಿಸಿಲು ಮಲಗಿದಂತೆ ಹೊಳೆಯಿತು. ಶುದ್ಧ ಅರಿಶಿನವಾದರೆ ಪುಡಿ ತಳಕ್ಕಿಳಿದು ನೀರು ತಿಳಿ ಹಳದಿಯಷ್ಟೇ ಆಗಬೇಕು. ಹೊಸ ಪೊಟ್ಟಣದಲ್ಲೂ ಅದೇ ಕಲಬೆರಕೆಯ ಬಣ್ಣ.

ಯುಗಾದಿಗೂ ಮುಂಚೆಯೇ ಆಹಾರ ಸುರಕ್ಷತಾ ಅಧಿಕಾರಿಗೆ ಕಾಗದ ಬರೆದಿದ್ದೆ. ಮೇಲೆ ‘ದೂರು’ ಎಂದು ಬರೆಯುವಾಗಲೇ ಮನಸ್ಸು ಅಳುಕಿತ್ತು. ನಮ್ಮಲ್ಲಿ ದೂರು ಹೇಳುವುದೆಂದರೆ ಚಾಡಿ. ಪೊಟ್ಟಣ ಮಾರುವ ಅಂಗಡಿಯ ಸಿದ್ಧಲಿಂಗೇಶ ಬೇರೆ ನನ್ನನ್ನು ಸ್ವಂತ ಚಿಕ್ಕಮ್ಮನೆಂಬಂತೆ ಬಾಯ್ತುಂಬ ‘ಚಿಗವ್ವ’ ಅನ್ನುತ್ತಾನೆ. ಸಹಿಯಿಲ್ಲದ ಕಾಗದ ಮನೆಯ ಪೆಟ್ಟಿಗೆಯಲ್ಲೇ ಉಳಿಯಿತು.

ಬಟ್ಟಲು ಇನ್ನೂ ಮುಂದಿರುವಾಗಲೇ ಪಕ್ಕದ ಮನೆಯ ನಾಗಶ್ರೀ ಕೂಸನ್ನೂ ಅದೇ ಅಂಗಡಿಯ ಪೊಟ್ಟಣವನ್ನೂ ಹಿಡಿದು ಬಂದಳು.

“ಅಜ್ಜಿ, ಕೂಸಿಗೆ ಎಣ್ಣೆ-ಅರಿಶಿನ ಹಚ್ಚಿಕೊಡ್ರಿ.”

“ಇದು ಬ್ಯಾಡವ್ವ, ಬಣ್ಣ ಬೆರೆಸ್ಯಾರೆ.”

“ಗೊತ್ತಿದ್ದೂ ಸುಮ್ನಿದ್ದೀರಾ? ರಾತ್ರಿ ಶಾಲೆಗೆ ಹೋಗಿ ಓದು-ಬರಹ ಕಲ್ತಿದ್ದು ಇದಕ್ಕೇನ್ರಿ?”

“ನಮ್ಮವನ ಮೇಲೆ ದೂರು ಹೆಂಗೆ ಹೇಳ್ಲೇ?”

“ಹೇಳೋದು ಬ್ಯಾರೆ, ಕೊಡೋದು ಬ್ಯಾರೆ ಅಜ್ಜಿ. ಹೇಳೋದು ಕಟ್ಟೆ ಮ್ಯಾಲೆ ಕೂತು. ಕೊಡೋದು ಹೆಸರು ಹಾಕಿ, ಸಹಿ ಮಾಡಿ.”

ನನ್ನ ಮಡಿಲಲ್ಲಿ ಕೂಸು ಯಾವುದೋ ಕನಸಿಗೆ ನಗುತ್ತಿತ್ತು. ಅದರ ಚರ್ಮ ಇನ್ನೂ ಹಾಲಿನ ಕೆನೆಯಂತಿತ್ತು. ಅದಕ್ಕೆ ಬರೀ ಎಣ್ಣೆ ಹಚ್ಚಿ ಮೀಯಿಸಿದೆ.

ಮಧ್ಯಾಹ್ನ ಕಾಗದದ ಕೆಳಗೆ ಸಹಿ ಮಾಡಿ, ಶಿಕಾರಿಪುರದ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿದೆ.