ಕಾರಣ: ಮಹಿಳಾ ಚಾಲನೆ

ದಾದಾಸಾಬರು ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಯಾವ ಬಿಡಿಭಾಗ ಯಾವ ಕಪಾಟಿನ ಎಷ್ಟನೇ ಖಾನೆಯಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಆ ಭಾಗ ಬಸ್ಸಿನಲ್ಲಿ ಎಲ್ಲಿ ಕೂಡುತ್ತದೆ ಎಂಬುದು ಮೆಕ್ಯಾನಿಕ್ಕರ ಖಾಸಗಿ ವಿಷಯವೆಂದು ತಿಳಿದು ಅದರಲ್ಲಿ ಎಂದೂ ತಲೆ ಹಾಕಿದವರಲ್ಲ. ನಿವೃತ್ತರಾದ ಮೇಲೆ ಹಾಕತೊಡಗಿದರು. ತಲೆ ಹಾಕಲು ಮನೆಯ ಮುಂದೆಯೇ ಒಂದು ಕಾರು ಇತ್ತು.

ಕಾರಿಗೆ ಇಪ್ಪತ್ತೇಳು ವರ್ಷ. ಕಾಗದಪತ್ರಗಳ ಪ್ರಕಾರ ಅದರ ಬಣ್ಣ ಬಿಳಿ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬೇವಿನ ಮರದ ಕೆಳಗೆ ನಿಂತಿರುತ್ತದೆ. ಓಣಿಯ ಎರಡು ಬೆಕ್ಕುಗಳು ಅದರ ಬಾನೆಟ್ಟಿನ ಮೇಲೆ ಪಾಳಿಯ ಪ್ರಕಾರ ಮಲಗುತ್ತವೆ.

ಈ ಕಾರಿಗೆ ಐದು ದಿನದಿಂದ ಕೆಮ್ಮು. ಮನೆಯ ಮುಂದೆ ನಿಂತಲ್ಲೇ ಚಾಲೂ ಮಾಡಿದರೆ ಗೊಣಗುತ್ತಲಾದರೂ ನಡೆಯುತ್ತಿತ್ತು. ದೊಡ್ಡ ರಸ್ತೆಗಿಳಿದು ವೇಗ ಕೊಟ್ಟ ಕೂಡಲೇ ನಾಲ್ಕು ಸಲ ಕೆಮ್ಮಿ, ಹಿಂದಿನಿಂದ ಕಪ್ಪು ಹೊಗೆ ಬಿಟ್ಟು, ಇನ್ನು ನನ್ನಿಂದಾಗದು ಎಂಬಂತೆ ನಿಂತುಬಿಡುತ್ತಿತ್ತು.

ದಾದಾಸಾಬರು ಇದಕ್ಕೆಂದೇ ಒಂದು ರಿಜಿಸ್ಟರ್ ತೆರೆದರು. ಎಡಗಡೆ ಭಾಗದ ಹೆಸರು, ನಡುವೆ ತಪಾಸಣೆ, ಬಲಗಡೆ ಷರಾ. ಪ್ಲಗ್: ಒರೆಸಲಾಗಿದೆ, ಸರಿ. ಬ್ಯಾಟರಿ: ಸರಿ. ಏರ್ ಕ್ಲೀನರ್: ತಿಕೋಟಾಕ್ಕೆ ಹೋಗುವ ಮುನ್ನ ಸ್ವತಃ ಸ್ವಚ್ಛ ಮಾಡಲಾಗಿದೆ, ತೆರೆಯುವ ಅಗತ್ಯವಿಲ್ಲ. ಈ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಆ ದುಂಡನೆಯ ಡಬ್ಬಿಯನ್ನು ಅವರು ಬಿಚ್ಚಿ, ಒರೆಸಿ, ಮುಚ್ಚಿದ ಮೇಲೆ ಗೇಣುದ್ದದ ಒಂದು ರಬ್ಬರ್ ಪೈಪು ಕೈಯಲ್ಲಿ ಉಳಿದಿತ್ತು. ಬೇರೆಯವರಾದರೆ ಗಾಬರಿಯಾಗುತ್ತಿದ್ದರು. ಸ್ಟೋರ್‌ಕೀಪರನ ಲೆಕ್ಕದಲ್ಲಿ ಉಳಿದದ್ದೆಲ್ಲ ದಾಸ್ತಾನು. ಅದಕ್ಕೆ ‘ಹೆಚ್ಚುವರಿ’ ಎಂದು ಚೀಟಿ ಕಟ್ಟಿ ಪಡಸಾಲೆಯ ಮೊಳೆಗೆ ತೂಗುಹಾಕಿದ್ದರು.

ರಿಜಿಸ್ಟರಿನ ನೆತ್ತಿಯ ಮೇಲೆ, ತಪಾಸಣೆ ಶುರುವಾಗುವ ಮೊದಲೇ, ದಪ್ಪಕ್ಷರದಲ್ಲಿ ಬರೆದದ್ದು ಇಷ್ಟು: ‘ಕಾರಣ: ಮಹಿಳಾ ಚಾಲನೆ.’

ಆ ಮಹಿಳೆ ಅವರ ಹೆಂಡತಿ ಸುರೈಯಾ. ಐವತ್ತೈದನೇ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಹೋಗಿ, ಇಪ್ಪತ್ತರ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು, ಒಂದೇ ಸಲಕ್ಕೆ ಪಾಸಾಗಿ ಲೈಸೆನ್ಸ್ ತಂದಿದ್ದಳು. ಅಂದು ದಾದಾಸಾಬರು ಓಣಿಗೆಲ್ಲ ಪೇಢೆ ಹಂಚಿದ್ದರು. ಲೈಸೆನ್ಸ್ ಬಂದ ಮೇಲೆ ಆಕೆ ಕಾರಿನ ಕೀಲಿಯನ್ನೂ ಕೇಳುತ್ತಾಳೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸುರೈಯಾಳ ತಂಗಿ ನೂರಜಹಾನ ಇರುವುದು ತಿಕೋಟಾದಲ್ಲಿ. ಅವರದು ದ್ರಾಕ್ಷಿ ತೋಟ, ಪಕ್ಕದಲ್ಲೇ ಒಣದ್ರಾಕ್ಷಿಯ ಶೆಡ್ಡು. ತಿಕೋಟಾ ವಿಜಯಪುರದಿಂದ ಇಪ್ಪತ್ತು ಕಿಲೋಮೀಟರ್. ಸುರೈಯಾಳಿಗೆ ಮಾತ್ರ ಮೂವತ್ತು ವರ್ಷ ಅದು ದಾದಾಸಾಬರ ಪುರುಸೊತ್ತಿನಷ್ಟು ದೂರವಿತ್ತು. ಬಸ್ಸಿಗೆ ಹೋಗುತ್ತೇನೆಂದರೆ, “ಆ ಬಸ್ಸಿಗೆ ಯಾವ ಪಾರ್ಟ್ ಹಾಕ್ಯಾರ, ಯಾವುದ ಹಾಕಿಲ್ಲ, ನನಗ ಗೊತ್ತೈತಿ. ಬ್ಯಾಡ,” ಎನ್ನುತ್ತಿದ್ದರು.

ಹೋದ ರವಿವಾರ ಆ ದೂರವನ್ನು ಸುರೈಯಾ ತಾನೇ ಕಾರು ನಡೆಸಿ ಮುಗಿಸಿದಳು. ಪಕ್ಕದಲ್ಲಿ ಕೂತ ದಾದಾಸಾಬರು, ತಮ್ಮ ಕಾಲ ಕೆಳಗೆ ಇಲ್ಲದ ಬ್ರೇಕನ್ನು ದಾರಿಯ ಮೊದಲ ಊರು ತೊರವಿ ಬರುವುದರೊಳಗೆ ಅರವತ್ತು ಸಲ ಒತ್ತಿದರು. ತಿಕೋಟಾದಲ್ಲಿ ನೂರಜಹಾನ ಒಣದ್ರಾಕ್ಷಿಯ ತಾಟು ಮುಂದೆ ಹಿಡಿದಾಗ, ಎಲ್ಲರೂ ನೋಡುವಂತೆ ಕೈ ಎತ್ತಿ, “ಬ್ಯಾಡವಾ, ನನಗ ಶುಗರ್ ಐತಿ. ಮನಷ್ಯಾಗ ನಾಲಿಗಿ ಮ್ಯಾಲ ಹಿಡತ ಇರಬೇಕ,” ಎಂದರು. ಶೆಡ್ಡಿನ ಆಳುಗಳೂ ಮೆಚ್ಚಿ ತಲೆಯಾಡಿಸಿದರು.

ಮರುದಿನದಿಂದ ಮೆಲ್ಲಗೆ ಕೆಮ್ಮು ಶುರುವಾಯಿತು. ಬುಧವಾರದ ಹೊತ್ತಿಗೆ ಕಾರು ಓಣಿಯ ತಿರುವು ದಾಟದಾಯಿತು. ದಾದಾಸಾಬರು ತೀರ್ಪು ಕೊಟ್ಟರು: “ಹೆಣ್ಮಕ್ಕಳ ಕೈಗೆ ಹೋದ ಇಂಜಿನ್ ಹೊಳ್ಳಿ ಬರೂದಿಲ್ಲ. ಬಬಲೇಶ್ವರದ ಸಾಬಣ್ಣಗ ಫೋನ್ ಮಾಡೇನಿ. ಶುಕ್ರವಾರ ಬಂದ ಒಯ್ತಾನ.”

ಸಾಬಣ್ಣ ಹಳೆಯ ವಾಹನ ಕೊಂಡು ಬಿಚ್ಚಿ ಮಾರುವವನು. ಅವನ ಅಂಗಳ ಹೊಕ್ಕ ಕಾರು ಕಾರಾಗಿ ಹೊರಬಂದದ್ದಿಲ್ಲ. ಇದು ಹೋದರೆ ದಾದಾಸಾಬರು ಇನ್ನೊಂದು ಕೊಳ್ಳುವವರಲ್ಲ, ಸುರೈಯಾಳ ಲೈಸೆನ್ಸು ಟ್ರಂಕಿನಲ್ಲಿ ಮದುವೆಯ ಸೀರೆಯ ಪಕ್ಕ ಮಲಗಬೇಕಾದದ್ದೇ. ಅಷ್ಟಾದರೂ ಸಹಿಸಬಹುದು. ಕಾರು ಕೊಂದವಳು ಎಂಬ ಹೆಸರು ಮಾತ್ರ ಆಕೆಯ ಗಂಟಲಿನಲ್ಲಿ ಇಳಿಯಲಿಲ್ಲ.

ಗುರುವಾರ ಸಂಜೆ ಬೇವಿನ ಮರದ ಕೆಳಗೆ ಕೊನೆಯ ತಪಾಸಣೆ ನಡೆಯಿತು. ಎರಡು ಓಣಿಯಾಚೆ ಗ್ಯಾರೇಜ್ ಇಟ್ಟ ಯಾಸೀನ ಬಂದಿದ್ದ. ತೊರವಿಯ ಕಡೆ ಕಾಲೇಜೊಂದರಲ್ಲಿ ಗುಮಾಸ್ತನಾಗಿರುವ ನೆರೆಮನೆಯ ಪ್ರತಾಪ, ಮೊಬೈಲಿನಲ್ಲಿ ನೋಡಿದ ವಿಡಿಯೋಗಳ ಬಲದಿಂದ ಬಂದಿದ್ದ.

ಯಾಸೀನ ಹೊಗೆಯನ್ನು ನೋಡಿ ಹೇಳಿದ: “ಚಾಚಾ, ಕರಿ ಹೊಗಿ ಐತ್ರಿ. ಒಂದೋ ಪೆಟ್ರೋಲ್ ಜಾಸ್ತಿ ಹೊಂಟೈತಿ, ಇಲ್ಲಂದ್ರ ಗಾಳಿ ಕಡಿಮಿ ಆಗೈತಿ. ಏರ್ ಕ್ಲೀನರ್ ತಗದ ನೋಡೂಣೇನ್ರಿ?”

“ಕೆಂಪ ಗೆರಿ ಕಾಣಸ್ತೈತಿಲ್ಲೋ?” ದಾದಾಸಾಬರು ರಿಜಿಸ್ಟರನ್ನು ಅವನ ಮೂಗಿಗೆ ಹಿಡಿದರು. “ನಾನ ಸ್ವತಃ ಮಾಡೇನಿ.”

ಯಾಸೀನನ ಅಪ್ಪ ಡಿಪೋದಲ್ಲಿ ಇದೇ ದಾದಾಸಾಬರ ಮುಂದೆ ಸಹಿ ಹಾಕಿ ನಟ್ಟು ಬೋಲ್ಟು ಪಡೆದವನು. ಆ ವಿನಯ ಮಗನ ರಕ್ತದಲ್ಲಿತ್ತು. ಅವನು ಸುಮ್ಮನೆ ಕಾರ್ಬುರೇಟರಿನ ಸ್ಕ್ರೂ ತಿರುವಿದ. ಏನೂ ಆಗಲಿಲ್ಲ.

“ಸಾಹೇಬ್ರ, ಕ್ಲಚ್ ಮ್ಯಾಲ ಕಾಲ ಇಟ್ಟಗೊಂಡ ಹೊಡದ್ರ ಹಿಂಗ ಆಗತೈತಂತ,” ಎಂದ ಪ್ರತಾಪ.

“ಯಾರ ಹೇಳಿದ್ರು?”

“ವಿಡಿಯೋದಾಗ್ರಿ. ರಷ್ಯಾದಾಂವ ಅನಸ್ತೈತಿ. ಮಾತ ತಿಳೀಲಿಲ್ಲ, ಆದ್ರ ತಲಿ ಭಾಳ ಚಚ್ಚಿಕೊಂಡ.”

ದಾದಾಸಾಬರು ‘ಕ್ಲಚ್ ಮೇಲೆ ಕಾಲು’ ಎಂದು ಬರೆದುಕೊಂಡರು. ಅದು ಅವರ ಮೂಲ ಸಿದ್ಧಾಂತಕ್ಕೆ ಒಪ್ಪುವಂತಿತ್ತು.

ಚಹಾ ತಂದ ಸುರೈಯಾ ಬಾನೆಟ್ಟಿನ ಹತ್ತಿರ ಒಂದು ಕ್ಷಣ ನಿಂತು ಮೂಗು ಅರಳಿಸಿದಳು. “ಅಲ್ರಿ, ಇದೇನ ವಾಸನಿ?”

“ಪೆಟ್ರೋಲ್ ಐತಿ ಚಾಚಿ,” ಎಂದ ಯಾಸೀನ.

“ಕ್ಲಚ್ ಸುಟ್ಟ ವಾಸನಿ ಅಕ್ಕಾರ,” ಎಂದ ಪ್ರತಾಪ, ರಷ್ಯಾದವನ ಪರವಾಗಿ.

“ಇಲ್ಲ, ಇದು ಶೀರಖುರ್ಮಾಕ್ಕ ದ್ರಾಕ್ಷಿ ಹುರದಂಗ ಬರಾಕತ್ತೈತಿ. ಮೂರ ದಿನ ಆತು, ನನ್ನ ಮೂಗಿಗೆ ಬಡ್ಯಾಕತ್ತೈತಿ.”

ಮೂವರೂ ಮನಸಾರೆ ನಕ್ಕರು. “ಬಾನೆಟ್ಟಿನ್ಯಾಗ ಈದ್ ನಡದೈತೇನ ಚಾಚಿ?” ಎಂದ ಯಾಸೀನ.

“ಹೆಣ್ಮಕ್ಕಳ ಮೂಗ ಅಡಗಿಮನಿ ದಾಟೂದಿಲ್ಲೋ,” ಎಂದರು ದಾದಾಸಾಬರು.

ಸುರೈಯಾ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ನೋಡಿದರೆ, ಉಳಿದವರು ಹೋದ ನಂತರ ದಾದಾಸಾಬರು ಡಿಕ್ಕಿ ತೆರೆದು, ಸ್ಟೆಪ್ನಿ ಗಾಲಿಯನ್ನು ಎತ್ತಿ, ಅದರ ಕೆಳಗೆ ಕೈಯಾಡಿಸುತ್ತಿದ್ದರು. ನಿನ್ನೆಯೂ ಹೀಗೇ ಮಾಡಿದ್ದರು. ಕೈಗೆ ಏನೂ ಸಿಗದೆ, ಸೊಂಟ ಹಿಡಿದುಕೊಂಡು ಎದ್ದರು.

“ಇಂಜಿನ್ ಮುಂದ ಐತಿ, ನೀವು ಹಿಂದ ಏನ ಹುಡಕಾಕತ್ತೀರಿ?” ಆಕೆ ಕಿಟಕಿಯಿಂದಲೇ ಕೇಳಿದಳು.

“ಗಾಡಿ ಅಂದ್ರ ಎಲ್ಲಾ ಕಡಿಂದ ನೋಡಬೇಕ. ನಿನಗ ತಿಳೀದಿಲ್ಲ.”

“ಹಂಗಾದ್ರ ನಿಮ್ಮ ನೀಲಿ ಚೌಕಡಿ ದಸ್ತಿನೂ ಅಲ್ಲೆ ಐತೇನ ನೋಡ್ರಿ. ಒಗ್ಯಾಕ ಸಿಗವಲ್ದು.”

ಕರವಸ್ತ್ರದ ಮಾತು ಬಂದ ಕೂಡಲೇ ದಾದಾಸಾಬರು ಡಿಕ್ಕಿಯನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿದರು. “ದಸ್ತಿ ತಿಕೋಟಾದಾಗ ಕಳೀತು ಅಂತ ಹೇಳಿಲ್ಲೇನು?”

ಶುಕ್ರವಾರ ನಮಾಜ್ ಮುಗಿಸಿ ದಾದಾಸಾಬರು ಯಾಸೀನನ ಜೊತೆ ಓಣಿಗೆ ಬರುವ ಹೊತ್ತಿಗೆ ಸಾಬಣ್ಣ ಕಾರಿನ ಸುತ್ತ ಮೂರನೇ ಪ್ರದಕ್ಷಿಣೆ ಹಾಕುತ್ತಿದ್ದ. ಬಬಲೇಶ್ವರದಿಂದ ಬಸ್ಸಿಗೆ ಬಂದಿದ್ದ, ಇಲ್ಲೇ ಟ್ರ್ಯಾಕ್ಟರ್ ಬಾಡಿಗೆ ಹಿಡಿದು ಕಾರು ಎಳೆದೊಯ್ಯಲು ಹಗ್ಗ ತಂದಿದ್ದ. ಕೊಳ್ಳಲು ಬಂದವನ ಶಾಸ್ತ್ರದಂತೆ ಬಾಗಿಲು ಬಡಿದು ನಿಟ್ಟುಸಿರುಬಿಟ್ಟ, ಗಾಲಿ ಒದ್ದು ಇನ್ನೊಂದು ಬಿಟ್ಟ.

“ಏನಿಲ್ರಿ ಇದರಾಗ ಸಾಹೇಬ್ರ. ಇಂಜಿನ್ ಬಿಚ್ಚಿ ಮೇವ ಕತ್ತರಿಸೂ ಮಷೀನಿಗೆ ಕೂಡಸೂದಷ್ಟ. ಹೆಂಗ ಕೆಟ್ಟತಿ?”

ದಾದಾಸಾಬರು ರಿಜಿಸ್ಟರ್ ತೆರೆದು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಸಾಬಣ್ಣ ಓದಿದ, ಬಾಗಿಲಲ್ಲಿ ನಿಂತ ಸುರೈಯಾಳನ್ನು ನೋಡಿದ, ಮತ್ತೊಂದು ನಿಟ್ಟುಸಿರು ಬಿಟ್ಟ. ಇದು ವ್ಯಾಪಾರದ್ದಲ್ಲ, ಸಹಾನುಭೂತಿಯದು.

ಸುರೈಯಾ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದಳು. “ಮಾರೂದ ಮಾರ್ರಿ. ನನ್ನ ಹೆಸರ ಬರದ ಮಾರಾಕತ್ತೀರಲ್ಲ, ನಾನೂ ಒಮ್ಮೆ ಒಳಗ ನೋಡಿ ಬಿಡತೇನಿ. ಸಾಬಣ್ಣಾ, ಬಾನೆಟ್ ಎತ್ರಿ. ಈ ದುಂಡನ ಡಬ್ಬಿ ತಗೀರಿ.”

“ಅದು ಬ್ಯಾಡ!” ದಾದಾಸಾಬರು ನಡುವೆ ಬಂದರು. “ಅದಕ ಕೆಂಪ ಗೆರಿ ಐತಿ. ಮತ್ತ ನಟ್ ತಿರುವಾಕ ಪಾನಾ ಬೇಕಾಗತೈತಿ, ಅಳತಿದು ಪಾನಾ…”

“ಪಾನಾ ಯಾಕ್ರಿ? ಇದಕ ಎರಡ ಕಿವಿ ಅದಾವು. ಹಿಡದ ತಿರುವಿದ್ರ ಬರತೈತಿ,” ಎಂದು ಸುರೈಯಾ ಮುಚ್ಚಳದ ಮೇಲಿನ ನಟ್ಟಿನ ಎರಡೂ ಕಿವಿ ಹಿಡಿದು ತಿರುವಿದಳು. ಬಂತು. ಮುಚ್ಚಳ ಎತ್ತಿದಳು.

ಡಬ್ಬಿಯ ತುಂಬ ಒಣದ್ರಾಕ್ಷಿ.

ಮೇಲಿನವು ಹೊಂಬಣ್ಣದವು, ಕೆಳಗಿನವು ಎಂಜಿನ್ನಿನ ಬಿಸಿಗೆ ಕರಗಿ ಪಾಕವಾಗಿದ್ದವು. ಗಾಳಿ ಸೋಸುವ ಕಾಗದದ ಫಿಲ್ಟರು ಹತ್ತಿಯಂತೆ ಹಿಂಜಿಹೋಗಿತ್ತು. ನಡುವೆ ಅಚ್ಚುಕಟ್ಟಾದ ಒಂದು ಹಾಸಿಗೆ, ಅಂಚಿನಲ್ಲಿ ಇಲಿಯ ಹಿಕ್ಕೆ. ಆರೋಪಿ ಮಾತ್ರ ಪರಾರಿಯಾಗಿದ್ದ. ಕಾರಿನ ತಲೆಯ ಮೇಲೆ ಮಲಗಿದ್ದ ಬೆಕ್ಕು ಒಂದು ಕಣ್ಣು ತೆರೆದು, ಇದು ತನ್ನ ಇಲಾಖೆಗೆ ಸೇರಿದ್ದಲ್ಲ ಎಂಬಂತೆ ಮುಚ್ಚಿತು.

“ಯಪ್ಪಾ!” ಎಂದ ಸಾಬಣ್ಣ. “ಇಷ್ಟ ದ್ರಾಕ್ಷಿ ತುಂಬಿದ್ರ ಗಾಳಿ ಎಲ್ಲಿಂದ ಬರಬೇಕ್ರಿ? ಅಕ್ಕಾರ, ಒಣದ್ರಾಕ್ಷಿ ಅಂದ್ರ ತಿಕೋಟಾದ್ದ, ಅಲ್ಲಿಂದ ತಂದೀರೇನು?”

“ನಾ ಒಂದ ಕಾಳೂ ತಂದಿಲ್ಲ.” ಸುರೈಯಾ ಇಲಿಯ ಹಾಸಿಗೆಯಿಂದ ಎರಡು ಬೆರಳಲ್ಲಿ ಒಂದು ಚಿಂದಿಯನ್ನು ಎಳೆದಳು. ನೀಲಿ ಚೌಕಡಿ. ಅಂಚಿಗೆ ಆಕೆಯೇ ಹೊಲಿದ ಬಿಳಿ ದಾರ. “ಇದು ಯಾರದ್ರಿ?”

ಓಣಿಯಲ್ಲಿ ಎಲ್ಲಿಯೋ ಒಂದು ಕುಕ್ಕರು ಸೀಟಿ ಹೊಡೆಯಿತು.

“ಹಳೇದ ಇರಬೇಕ,” ಎಂದರು ದಾದಾಸಾಬರು.

“ಕಳದದ್ದು ತಿಕೋಟಾದಾಗ. ಸಿಕ್ಕದ್ದು ಬಾನೆಟ್ಟಿನ್ಯಾಗ. ನಡದ ಬಂತೇನು?”

“ಬರೇ ರುಚಿ ನೋಡಾಕಂತ…”

“ರುಚಿ ನೋಡಾಕ ಒಂದ ದಸ್ತಿ ತುಂಬೇನ್ರಿ? ನಾಲಿಗಿ ಮ್ಯಾಲ ಹಿಡತ ಇದ್ದ ಮನಷ್ಯಾಗ?”

ಉಳಿದದ್ದನ್ನು ದಾದಾಸಾಬರ ಕಿವಿಯ ಕೆಂಪೇ ಹೇಳಿತು. ರವಿವಾರ ಗಾಲಿಯ ಗಾಳಿ ನೋಡುವ ನೆವದಲ್ಲಿ ಶೆಡ್ಡಿನ ಹಿಂದೆ ಹೋಗಿ ಗಂಟು ಕಟ್ಟಿದ್ದರು, ಸ್ಟೆಪ್ನಿಯ ಕೆಳಗೆ ಬಚ್ಚಿಟ್ಟಿದ್ದರು. ಸೋಮವಾರ ಒಂದು ಮುಷ್ಟಿ, ಮಂಗಳವಾರ ಅರ್ಧ ಮುಷ್ಟಿ. ಅಷ್ಟರಲ್ಲೇ ಗಂಟು ಕರಗಿದ್ದನ್ನು ಕಂಡರೂ ಅದು ತಮ್ಮದೇ ಹಸಿವಿನ ಫಲವೆಂದು ತಿಳಿದರು. ಬುಧವಾರ ದಸ್ತಿಯೂ ಇಲ್ಲ. ಡಿಕ್ಕಿಯ ತುಕ್ಕು ತೂತಿನಿಂದ ಇಲಿ ಎಲ್ಲವನ್ನೂ ಮುಂದಕ್ಕೆ ಸಾಗಿಸುತ್ತಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೆಂಡತಿಯ ಮೇಲೆ ಅನುಮಾನ, ಯಾಸೀನನ ಮೇಲೆ ಅನುಮಾನ, ಪ್ರತಾಪನ ಮೇಲೆ ಬಲವಾದ ಅನುಮಾನ. ಆದರೆ ಮೂವತ್ತೊಂದು ವರ್ಷ ಕಳವಿನ ದೂರು ಬರೆದ ಕೈಗೆ ಈ ದೂರನ್ನು ಬರೆಯುವ ದಾರಿ ಇರಲಿಲ್ಲ.

ಯಾಸೀನ ಬಗ್ಗಿ ಡಬ್ಬಿಯ ಪಕ್ಕದ ತೂತಿಗೆ ಎರಡು ಬೆರಳು ತೂರಿಸಿದ. “ಚಾಚಾ, ಇಲ್ಲಿ ಒಂದ ಪೈಪ್ ಇರತೈತಲ್ರಿ. ಬಾಗಲಾ ಹಿಂಗ ತಗದ ಇಟ್ರ ಇಲಿ ಒಳಗ ಬರದ ಏನ ಮಾಡತೈತಿ? ಎಲ್ಲಿ ಹೋತ್ರಿ ಅದು?”

ಸುರೈಯಾ ತೆರೆದ ಬಾಗಿಲಿನ ಒಳಗೆ ಬೆರಳು ತೋರಿದಳು. ನಾಲ್ವರ ಕಣ್ಣೂ ಪಡಸಾಲೆಯ ಮೊಳೆಯ ಕಡೆ ಹೋದವು. ಅಲ್ಲಿ ‘ಹೆಚ್ಚುವರಿ’ ಎಂಬ ಚೀಟಿ ಗಾಳಿಗೆ ಹಗುರಾಗಿ ತಿರುಗುತ್ತಿತ್ತು.

ಯಾಸೀನ ಗ್ಯಾರೇಜಿನಿಂದ ಹೊಸ ಫಿಲ್ಟರು ತಂದ. ಡಬ್ಬಿಯನ್ನು ಸುರೈಯಾ ಬಿಸಿನೀರಿಗೆ ಹಾಕಿ, ತಳ ಹಿಡಿದ ಪಾತ್ರೆಯಂತೆ ತಿಕ್ಕಿ ಒಣಗಿಸಿ ಕೊಟ್ಟಳು. ಪೈಪಿನ ಚೀಟಿ ಬಿಚ್ಚಿ, ಅದರ ಜಾಗಕ್ಕೆ ಕೂಡಿಸಿ, ಕಿವಿ ತಿರುವಿದ್ದಾಯಿತು. ಸುರೈಯಾ ಯಾರನ್ನೂ ಕೇಳದೆ ಸ್ಟಿಯರಿಂಗಿನ ಮುಂದೆ ಕೂತು ಕೈ ಚಾಚಿದಳು. ದಾದಾಸಾಬರು ಕೀಲಿ ಕೊಟ್ಟರು. ನಾಲ್ಕು ಜನರ ಮುಂದೆ ಕೊಡದಿರಲು ಕಾರಣ ಬೇಕಿತ್ತು, ಇದ್ದ ಒಂದು ಕಾರಣ ಡಬ್ಬಿಯ ಜೊತೆ ತೊಳೆದುಹೋಗಿತ್ತು.

“ಹಗ್ಗ ಡಿಕ್ಕಿಯಾಗ ಇಡ್ರಿ ಸಾಬಣ್ಣಾ, ಬರ್ರಿ ಕುಂಡ್ರಿ. ಬಬಲೇಶ್ವರ ತನಕ ಬಿಟ್ಟ ಬರತೇನಿ. ಗಾಡಿ ಓಡತೈತೋ ಇಲ್ಲೋ, ನೀವ ನೋಡಿ ಹೇಳ್ರಿ.”

ಸಾಬಣ್ಣ ಅತಿಥಿಯಾದ್ದರಿಂದ ಮುಂದೆ ಕೂತ. ದಾದಾಸಾಬರಿಗೆ ಹಿಂದಿನ ಸೀಟು. ಊರು ದಾಟಿ ರಸ್ತೆ ನೇರವಾದ ಮೇಲೆ ಸುರೈಯಾ ಆಕ್ಸಿಲರೇಟರ್ ಒತ್ತಿದಳು. ಐವತ್ತು. ಅರವತ್ತು. ಕೆಮ್ಮಿಲ್ಲ, ಹೊಗೆಯಿಲ್ಲ. ಹಿಂದೆ ದಾದಾಸಾಬರ ಕಾಲು ಬ್ರೇಕ್ ಹುಡುಕಿತು. ಅಲ್ಲಿ ಸಾಬಣ್ಣನ ಸೀಟಿನ ಬೆನ್ನು ಬಿಟ್ಟರೆ ಒತ್ತಲು ಏನೂ ಇರಲಿಲ್ಲ.

“ಅಕ್ಕಾರ ಛಲೋ ಹೊಡೀತೀರಿ,” ಎಂದ ಸಾಬಣ್ಣ. “ಮೇವಿನ ಮಷೀನಿಗೆ ಬ್ಯಾರೆ ಇಂಜಿನ್ ನೋಡಬೇಕಾತು.”

ಸುರೈಯಾ ಕನ್ನಡಿಯಲ್ಲಿ ಹಿಂದೆ ನೋಡಿದಳು. “ರಿಜಿಸ್ಟರ್ ತಂದೀರಿಲ್ಲೋ? ತಗೀರಿ.”

ದಾದಾಸಾಬರು ಕುಲುಕುವ ಸೀಟಿನಲ್ಲಿ ಪೆನ್ನು ತೆಗೆದು ‘ಮಹಿಳಾ ಚಾಲನೆ’ಯ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಇಲಿ’ ಎಂದು ಬರೆದರು.

“ಏನ ಬರದ್ರಿ?”

“ಇಲಿ.”

“ಅದೊಂದನ?”

ಕಾರು ಅರ್ಧ ಕಿಲೋಮೀಟರ್ ಮುಂದೆ ಹೋಯಿತು. ಆಮೇಲೆ ‘ಇಲಿ’ಯ ಮುಂದೆ ‘ಮತ್ತು ಸ್ಟೋರ್‌ಕೀಪರ್’ ಎಂದು ಸೇರಿತು. ಸಾಬಣ್ಣ ತಿರುಗಿ ಓದಿ, ಸರಿಯಾಗಿದೆಯೆಂದು ಸುರೈಯಾಳಿಗೆ ತಲೆಯಾಡಿಸಿದ.

“ರವಿವಾರ ತಿಕೋಟಾಕ್ಕ ಹೊಂಟೇನಿ,” ಎಂದಳು ಸುರೈಯಾ, ಗೇರು ಬದಲಿಸುತ್ತ. “ಬರೂದಾದ್ರ ಬರ್ರಿ. ದಸ್ತಿ ಮಾತ್ರ ಮನ್ಯಾಗ ಬಿಟ್ಟ ಬರ್ರಿ.”