ಟ್ರ್ಯಾಕ್ಟರಿನ ಮೇವು

ಶಿವಕಾಂತಾ ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿದಾಗ ಒಲೆಯ ನೀಲಿ ಉರಿ ಕುಗ್ಗಿ ಆರಿಹೋಯಿತು. ಕಡ್ಡಿ ಗೀರಿದಳು, ಹತ್ತಲಿಲ್ಲ. ಬೆಳಿಗ್ಗೆಯಷ್ಟೇ ಗೋಬರ್ ಗ್ಯಾಸಿನ ಗುಂಡಿಗೆ ಸೆಗಣಿ ಕಲಸಿ ಹಾಕಿದ್ದಳು. ಗ್ಯಾಸು ಎಲ್ಲಿ ಹೋಯಿತು?

ಅಂಗಳಕ್ಕೆ ಬಂದು ನೋಡಿದರೆ, ಟ್ರ್ಯಾಕ್ಟರಿನ ನೆತ್ತಿಯ ಮೇಲೆ ದೊಡ್ಡ ರಬ್ಬರ್ ಚೀಲವೊಂದು ಉಬ್ಬಿ ಕೂತಿತ್ತು. ಗಂಡ ಗುರುಪಾದ ಅದರ ಪೈಪನ್ನು ಎಂಜಿನ್ನಿಗೆ ಜೋಡಿಸುತ್ತಿದ್ದ. ಸೆಗಣಿಯ ಗ್ಯಾಸು ತುಂಬಿದ ಆ ಚೀಲವನ್ನು ಪಕ್ಕದ ಮನೆಯ ಚಮನಸಾಬ ಸುತ್ತ ತಿರುಗಿ ನೋಡುತ್ತಿದ್ದ.

"ಹೆಂಡಿ ಮ್ಯಾಲೆ ಓಡ್ತದೇನಲೇ ಇದು?"

"ಅರ್ಧ ಡೀಸೆಲ್, ಅರ್ಧ ಗ್ಯಾಸ್ ಚಾಚಾ. ಹೊಲದಾಗ ಕರೀ ಹೊಗಿ ಕಮ್ಮಿ ಆಗ್ತದ ನೋಡ್ರಿ."

ದಮ್ಮಿನ ಕಾಯಿಲೆಯ ಅತ್ತೆ ಗುರಮ್ಮ ಸೊಸೆಯ ಹೆಗಲು ಹಿಡಿದು ಬಂದು ಚೀಲಕ್ಕೆ ಮೂಗು ಒಡ್ಡಿದಳು. "ಹೆಂಡಿ ವಾಸನಿನೇ ಬರಂಗಿಲ್ಲಲ್ಲೋ!"

ಎಲ್ಲರೂ ನಕ್ಕರು. ಎಂಜಿನ್ ಗುಡುಗಿತು. ಶಿವಕಾಂತಾಳಿಗೂ ಬೆರಗು. ತಾನು ದಿನಾ ತಲೆಯ ಮೇಲೆ ಹೊತ್ತದ್ದು ಇಷ್ಟು ದೊಡ್ಡ ಗಾಲಿಯನ್ನು ತಿರುಗಿಸುತ್ತದೆಯೇ?

"ಚಲೋ ಆತ್ರಿ," ಎಂದಳು. "ಆದ್ರ ನಮ್ಮ ಒಲಿ?"

"ಬಿತ್ತಿಗಿ ಮುಗಿಯೋತನಕ ಕಟಗಿ ಒಲಿ ಹಚ್ಚು. ಹೊಲದ ಹದ ಹೋದ್ರ ತಿರುಗಿ ಬರ್ತದೇನು?"

"ಹೊಲದಾಗಿನ ಹೊಗಿ ತಂದು ನನ್ನ ಅಡಗಿ ಮನ್ಯಾಗ ಇಟ್ರಿ, ಅಷ್ಟ."

ಮಧ್ಯಾಹ್ನ ಗುರುಪಾದ ಹಸಿದು ಬಂದಾಗ ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ತೊಗರಿ ಕಟ್ಟಿಗೆ ಮಳೆಗೆ ನೆನೆದಿತ್ತು. ಆಳಂದದ ಡಾಕ್ಟರು ಹೊಗೆ ಕೂಡದೆಂದ ಮೇಲೆಯೇ ಮನೆಗೆ ಗೋಬರ್ ಗ್ಯಾಸ್ ಬಂದಿದ್ದು; ಅಂದಿನಿಂದ ನಿಂತಿದ್ದ ಗುರಮ್ಮನ ಕೆಮ್ಮು ಈಗ ಮತ್ತೆ ಶುರುವಾಗಿತ್ತು.

ಶಿವಕಾಂತಾ ಜಗಳ ಮಾಡಲಿಲ್ಲ. ಊದುಗೊಳವೆಯನ್ನು ಅವನತ್ತ ಸರಿಸಿದಳು. "ನನ್ನ ಕೈ ಹಿಟ್ಟಾಗ್ಯಾವ. ಒಂಚೂರು ಊದ್ರಿ."

ಊದಿದ. ಕಣ್ಣಲ್ಲಿ ನೀರು ಸುರಿಯಿತು. ಮತ್ತೆ ಊದಿದ. ಉರಿ ಏಳುವ ಮೊದಲೇ ತಾಯಿಗೆ ಕೆಮ್ಮು ಒತ್ತಿ ಬಂತು. ಅವಳ ಬೆನ್ನು ಸವರುತ್ತ ಕೂತವನು ರೊಟ್ಟಿ ಕೇಳುವುದನ್ನೇ ಮರೆತ.

ಮರುದಿನ ಬೆಳಿಗ್ಗೆ ಅವನು ಚಮನಸಾಬನ ಎಮ್ಮೆ ಕೊಟ್ಟಿಗೆಯಿಂದ ಸೆಗಣಿ ಬುಟ್ಟಿ ಹೊತ್ತು ಬರುವುದನ್ನು ಕಟ್ಟೆಯ ಮೇಲೆ ಕೂತವರು ಬಾಯಿ ಬಿಟ್ಟು ನೋಡಿದರು.

"ಹೆಣ್ಮಕ್ಕಳ ಕೆಲಸ ಯಾವಾಗ ಹಿಡದಿಲೇ?"

"ಟ್ರ್ಯಾಕ್ಟರ್ ನಂದೇ ಅದ ರೀ. ಅದರ ಮೇವು ನಾನೇ ತರಬೇಕು."

ಹೊಸ ಸೆಗಣಿ ಕೊಳೆತು ಗ್ಯಾಸಾಗುವವರೆಗೂ ಟ್ರ್ಯಾಕ್ಟರ್ ಬರೀ ಡೀಸೆಲ್ಲಿನ ಮೇಲೆಯೇ ಓಡಿತು. ಆಮೇಲೊಂದು ಬೆಳಿಗ್ಗೆ ಗುರುಪಾದ ಖಾಲಿ ಚೀಲ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಆತೇನು?"

"ಇನ್ನ ಎರಡು ರೊಟ್ಟಿ ಅವ, ತಡೀರಿ."

ನೀಲಿ ಉರಿಯ ಮೇಲೆ ರೊಟ್ಟಿ ಉಬ್ಬಿತು. ಅಂಗಳದಲ್ಲಿ ಟ್ರ್ಯಾಕ್ಟರ್ ಕಾಯುತ್ತ ನಿಂತಿತ್ತು.